ಕಪ್ಪು ಪರದೆಯ ಹಾಜರಿ

ಲೋಕದಲ್ಲಿ ಏನು ಮಾಡಬೇಕೆಂದು ಹೇಳುವವರಿಗೆ ಕುರ್ಚಿ ಸಿಗುತ್ತದೆ, ಹೇಳಿದ್ದನ್ನು ಮಾಡುವವರಿಗೆ ಕೂಲಿ ಸಿಗುತ್ತದೆ. ಏನೇನಿದೆ, ಎಲ್ಲೆಲ್ಲಿದೆ, ಯಾವತ್ತಿನಿಂದ ಇದೆ ಎಂದು ನೋಡಿಟ್ಟುಕೊಳ್ಳುವವನಿಗೆ ಏನೂ ಸಿಗುವುದಿಲ್ಲ. ನಾನು ಈ ಮೂರನೆಯವರ ಪೈಕಿ. ನೆಂಟರು ಬಂದು ಹೋದ ಮೇಲೆ ಲೋಟ, ಚಮಚಗಳನ್ನು ಎಣಿಸಿ ಒಳಗಿಡುವುದು ನನ್ನ ಅಭ್ಯಾಸ. ನೆಂಟರ ಮೇಲೆ ಅನುಮಾನವೇನಿಲ್ಲ. ಅವರು ತಮ್ಮದೊಂದು ಚಮಚವನ್ನು ನಮ್ಮಲ್ಲಿ ಬಿಟ್ಟು ಹೋಗಿದ್ದರೂ ನನಗೆ ಅಷ್ಟೇ ಬೇಸರವಾಗುತ್ತದೆ. ನನ್ನ ಹೆಂಡತಿ ಜಯಮ್ಮ ಇದನ್ನು ಕಾಯಿಲೆಯೆಂದು ತೀರ್ಮಾನಿಸಿ ಬಹಳ ಕಾಲವಾಯಿತು. "ಅವ್ರು ಗೇಟು ದಾಟೋಗಂಟನಾದ್ರೂ ತಡ್ಕಳಿ. ಚಮಚದ ಸದ್ದು ಕಿವಿಗೆ ಬಿದ್ರೆ ಏನಂದ್ಕತ್ತಾರೆ?" ಎನ್ನುತ್ತಾಳೆ. ನಾನು ತಡೆದುಕೊಳ್ಳುತ್ತೇನೆ. ಗೇಟಿನ ಚಿಲಕ ಬಿದ್ದ ಮೇಲೆಯೇ ಶುರು.

ಈ ಕಾಯಿಲೆ ನನಗೆ ಅಂಟಿದ್ದು ಮಾರನಹಳ್ಳಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ. ಅಲ್ಲಿ ರೈಟರ್ ಆಗಿ ಸೇರಿ ರೈಟರ್ ಆಗಿಯೇ ನಿವೃತ್ತನಾದೆ. ಎಸ್ಟೇಟ್ ರೈಟರ್ ಎಂದರೆ ಆಳುಗಳ ಹಾಜರಿ, ಸ್ಟೋರಿನ ಸಾಮಾನು, ಇವೆರಡರ ಲೆಕ್ಕ ಇಡುವವನು. ಬೆಳಗಾಗುತ್ತಲೇ ಸ್ಟೋರಿನ ಮುಂದೆ ಆಳುಗಳು ಸಾಲಾಗಿ ನಿಲ್ಲಬೇಕು, ನಾನು ಒಂದೊಂದೇ ಹೆಸರು ಕೂಗಬೇಕು, ಅವರು "ಬಂದೀನಿ" ಎನ್ನಬೇಕು. ಹಾಗೆನ್ನದವರಿಗೆ ಆ ದಿನದ ಹಾಜರಿ ಇಲ್ಲ. ನಮ್ಮ ಮ್ಯಾನೇಜರು ಮಿಲಿಟರಿಯಿಂದ ಬಂದವರು. ಅವರ ಬೂಟಿನ ಸದ್ದು ಕೇಳಿಸುವ ಹೊತ್ತಿಗೆ ನನ್ನ ಪೆನ್ಸಿಲ್ಲಿನ ಮೊನೆ ಚೂಪಾಗಿರಬೇಕಿತ್ತು. ಒಮ್ಮೆ ನನಗೆ ಜ್ವರ ಬಂದು ಹಾಜರಿಗೆ ತಡವಾದಾಗ ಅವರು ಬೈಯಲಿಲ್ಲ. ನಾನು ಬಂದು ನೋಡಿದರೆ ಆಳುಗಳ ಸಾಲಿನ ಕೊನೆಯಲ್ಲಿ ತಾವೇ ಕೈಕಟ್ಟಿಕೊಂಡು ನಿಂತಿದ್ದರು. ಅಂದಿನಿಂದ ನಾನು ಜ್ವರವನ್ನೂ ಭಾನುವಾರಕ್ಕೆ ಹೊಂದಿಸಿಕೊಂಡೆ.

ನಿವೃತ್ತಿಯ ನಂತರ ಆಲೂರಿಗೂ ಸಕಲೇಶಪುರಕ್ಕೂ ನಡುವೆ ಒಂದು ಸಣ್ಣ ಬೆಳೆಗಾರರ ಸಂಘದಲ್ಲಿ ಕಚೇರಿ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಸಂಘದ ಹೆಸರು ಹೇಳುವುದಿಲ್ಲ. ಅಲ್ಲಿಯವರು ಇದನ್ನು ಓದಿಯಾರೆಂಬ ಭಯಕ್ಕಲ್ಲ. ಅವರು ಯಾವುದನ್ನೂ ಓದುವುದಿಲ್ಲವೆಂಬುದು ಮುಂದೆ ನಿಮಗೇ ಗೊತ್ತಾಗುತ್ತದೆ. ಸದಸ್ಯರಿಗೆ ಗೊಬ್ಬರ, ಸುಣ್ಣ, ಮೈಲುತುತ್ತ ಹಂಚುವುದು, ರಸೀದಿ ಕೊಡುವುದು, ಇಷ್ಟೇ ಸಂಘದ ವ್ಯವಹಾರ. ಕಾಫಿಗೆ ಒಳ್ಳೆಯ ಬೆಲೆ ಇದ್ದ ಕಾಲದಲ್ಲಿ ಉತ್ಸಾಹದಿಂದ ಒಂದು ಕಂಪ್ಯೂಟರ್ ತಂದಿದ್ದರು. ನಮ್ಮ ಸದಸ್ಯರೊಬ್ಬರ ಅಳಿಯ ಹಾಸನದ ಕಾಲೇಜಿನಲ್ಲಿ ಮೇಷ್ಟ್ರು. ರಜೆಗೆ ಮಾವನ ಮನೆಗೆ ಬಂದವರು ಅದಕ್ಕೆ ಲಿನಕ್ಸ್ ಎಂಬುದನ್ನು ಹಾಕಿ, ರಸೀದಿ ಬರುವ ಏರ್ಪಾಡನ್ನೂ ಮಾಡಿಕೊಟ್ಟರು. ಎಲ್ಲವೂ ಬಿಟ್ಟಿ. ಬಿಟ್ಟಿ ಎಂದ ಮೇಲೆ ನಮ್ಮ ಸಮಿತಿ ಬೇರೇನನ್ನೂ ಕೇಳಲಿಲ್ಲ. ಪರದೆಯಲ್ಲಿ ಚಿತ್ರ ಗಿತ್ರ ಇರಲಿಲ್ಲ. ಕಪ್ಪು ನೆಲ, ಬಿಳಿ ಅಕ್ಷರ, ಮಿಣುಕುವ ಒಂದು ಸಣ್ಣ ಗೆರೆ. ನಾವು ಟೈಪು ಮಾಡಿ ಕೇಳಬೇಕು, ಅದು ಉತ್ತರ ಹೇಳಬೇಕು.

ಮೇಷ್ಟ್ರು ಹೊರಡುವಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: "ಸಾರ್, ಇದರೊಳಗೆ ಏನೇನು ಹಾಕಿದ್ದೀರಿ?" ಅವರು ಬ್ಯಾಗನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. "ಇಷ್ಟು ಕಡೆ ಹಾಕಿ ಕೊಟ್ಟಿದ್ದೀನಿ, ಈ ಮಾತು ಯಾರೂ ಕೇಳಿರಲಿಲ್ಲ ನೋಡಿ" ಎಂದರು. ಆಮೇಲೆ ಹೇಳಿಕೊಟ್ಟರು. ಆರ್ ಪಿ ಎಂ ಎಂಬ ಮೂರು ಅಕ್ಷರ, ಒಂದು ಖಾಲಿ ಜಾಗ, ಒಂದು ಅಡ್ಡಗೆರೆ, ಕ್ಯೂ, ಎ. ಒತ್ತಿದರೆ ಯಂತ್ರದಲ್ಲಿ ಹಾಕಿರುವ ಪ್ಯಾಕೇಜುಗಳ, ಅಂದರೆ ಒಂದೊಂದು ಕೆಲಸಕ್ಕೆಂದು ಕಟ್ಟಿಟ್ಟ ಸಾಫ್ಟ್‌ವೇರ್ ಗಂಟುಗಳ ಹೆಸರು ಒಂದರ ಕೆಳಗೊಂದು ಬರುತ್ತವೆ. ಎ ಬದಲು ಐ ಒತ್ತಿ ಒಂದು ಹೆಸರು ಕೊಟ್ಟರೆ ಅದರ ಜಾತಕವೇ ಬಿಚ್ಚಿಕೊಳ್ಳುತ್ತದೆ: ಎಷ್ಟನೆಯ ಆವೃತ್ತಿ, ಯಾವತ್ತು ಇಲ್ಲಿಗೆ ಬಂತು, ಕಟ್ಟಿದವರು ಯಾರು, ಎಷ್ಟು ಜಾಗ ಹಿಡಿದಿದೆ, ಏನು ಕೆಲಸ. ಇನ್ನೊಂದು ರೀತಿ ಕೇಳಿದರೆ, ಈ ಗಂಟನ್ನು ನೆಚ್ಚಿಕೊಂಡಿರುವವರು ಯಾರ್‍ಯಾರು ಎಂದೂ ಹೇಳುತ್ತದೆ. ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಡ. ಹಾಕುವುದಕ್ಕೆ, ತೆಗೆಯುವುದಕ್ಕೆ ಮಾತ್ರ ದೊಡ್ಡ ಪಾಸ್‌ವರ್ಡ್ ಬೇಕು. ಅದು ಅಧ್ಯಕ್ಷರ ಹತ್ತಿರ.

ಇಷ್ಟು ಸಾಕಿತ್ತು ನನಗೆ. ಬೆಳಿಗ್ಗೆ ಕಚೇರಿಯ ಬಾಗಿಲು ತೆಗೆದು, ಮೇಜು ಒರೆಸಿ, ಸದಸ್ಯರು ಬರುವ ಮುನ್ನ ಒಂದು ಸಲ ಎಲ್ಲ ಹೆಸರುಗಳನ್ನೂ ನೋಡಿಬಿಡುತ್ತಿದ್ದೆ. ದಿನಕ್ಕೊಂದನ್ನು ಹಿಡಿದು, ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು, ಅದರ ಜಾತಕ ಓದುತ್ತಿದ್ದೆ. ಹೆಸರುಗಳೇನೋ ವಿಚಿತ್ರ. ಗ್ರೆಪ್, ಗಾಕ್, ಸೆಡ್. ಕೂಸಿಗೆ ಇಂಥ ಹೆಸರು ಕೂಗು ಎಂದರೆ ಸೋದರತ್ತೆ ತೊಟ್ಟಿಲು ಬಿಟ್ಟು ಎದ್ದು ಹೋಗುತ್ತಾಳೆ. ಆದರೆ ಅವುಗಳ ನಡತೆಗೆ ನಾನು ಮಾರುಹೋದೆ. ತಾನು ಯಾರು, ಯಾವತ್ತು ಬಂದೆ, ಎಷ್ಟು ತಿನ್ನುತ್ತೇನೆ, ಏನು ಮಾಡುತ್ತೇನೆ ಎಂದು ಕೇಳಿದ ಕೂಡಲೇ ಹೇಳುವ ಆಳನ್ನು ನಾನು ಎಸ್ಟೇಟಿನಲ್ಲಿ ಕಂಡಿರಲಿಲ್ಲ. ಸಮಿತಿಯಲ್ಲಂತೂ ಕಾಣುವ ಪ್ರಶ್ನೆಯೇ ಇರಲಿಲ್ಲ.

ಆಮೇಲೆ ಕಾಫಿ ಬೆಲೆ ನೆಲ ಕಚ್ಚಿತು. ಬೆಲೆ ಏರಿದಾಗ ಬೆಳೆಗಾರರಿಗೆ ಕಾರು ನೆನಪಾಗುತ್ತದೆ, ಇಳಿದಾಗ ಶಿಸ್ತು. ಶಿಸ್ತಿನ ಆ ಕಾಲದಲ್ಲೇ ನಮ್ಮ ಅಧ್ಯಕ್ಷ ನಂಜೇಗೌಡರ ಬಾಮೈದ ಲೋಕೇಶ ಹಾಸನದಲ್ಲಿ ಕಂಪ್ಯೂಟರ್ ಕೋರ್ಸು ಮುಗಿಸಿ, ಪ್ಲಾಸ್ಟಿಕ್ ಹೊದಿಸಿದ ಸರ್ಟಿಫಿಕೇಟ್ ಹಿಡಿದು ಬಂದ. ಕಚೇರಿಗೆ ಬಂದು ನನ್ನ ಕುರ್ಚಿಯ ಹಿಂದೆ ನಿಲ್ಲತೊಡಗಿದ. "ನೀವ್ ಕೂತ್ಕಳಿ ರೈಟ್ರೇ, ನಾನ್ ಸುಮ್ನೆ ನೋಡ್ತೀನಿ" ಎನ್ನುತ್ತಿದ್ದ. ಸುಮ್ಮನೆ ನೋಡುವವನು ಕುರ್ಚಿಯ ಬೆನ್ನಿನ ಮೇಲೆ ಕೈ ಇಟ್ಟುಕೊಂಡು ನೋಡುವುದಿಲ್ಲ. ಕುರ್ಚಿ ಹೋಗುತ್ತದೆ ಎಂದು ನನಗೆ ಆಗಲೇ ಗೊತ್ತಾಯಿತು. ಈ ವಯಸ್ಸಿನಲ್ಲಿ ಒಂದು ಕುರ್ಚಿಗೆ ಇಷ್ಟು ಸಂಕಟವೇ ಎಂದು ನೀವು ಕೇಳಬಹುದು. ಬೆಳಿಗ್ಗೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಕಚೇರಿಗೆಂದು ಕೆ. ಹೊಸಕೋಟೆಯ ಬಸ್ಸಿಗೆ ಹೊರಡುವ ಗಂಡಸಿಗೂ, ಅದೇ ಶರ್ಟು ಹಾಕಿಕೊಂಡು ಜಗುಲಿಯಲ್ಲಿ ಕೂರುವ ಗಂಡಸಿಗೂ ಊರು ಬೇರೆ ಬೇರೆ ದನಿಯಲ್ಲಿ ನಮಸ್ಕಾರ ಹೇಳುತ್ತದೆ. ಎರಡನೆಯ ದನಿ ಕೇಳಲು ನಾನು ತಯಾರಿರಲಿಲ್ಲ.

ಖರ್ಚು ಕಡಿತಕ್ಕೆಂದು ಸಮಿತಿ ಸೇರಿತು. ಖರ್ಚು ಕಡಿತದ ಸಭೆಯಾದ್ದರಿಂದ ಉಪ್ಪಿಟ್ಟಿನ ಜೊತೆ ಕೇಸರಿಬಾತ್ ಮಾತ್ರ ಇತ್ತು, ಬೋಂಡ ಇರಲಿಲ್ಲ. ನಂಜೇಗೌಡರು ಬಾಯಿ ಒರೆಸಿಕೊಂಡು ವಿಷಯಕ್ಕೆ ಬಂದರು. "ರೇಟು ನೋಡ್ತಾನೇ ಇದ್ದೀರಿ. ತೋಟದಾಗೇ ಆಳು ಕಮ್ಮಿ ಮಾಡ್ಕಂಡಿದ್ದೀವಿ. ಇಲ್ಲಿ ಒಂದ್ ಮಿಸೀನಿಗೆ ಇಬ್ರು ಯಾಕ್ ಬೇಕು ಅಂತ."

ಇಬ್ಬರು ಯಾರೆಂದು ನಾನು ಸುತ್ತ ನೋಡಿದೆ. ಸಂಬಳದ ಮೇಲಿದ್ದವನು ನಾನೊಬ್ಬನೇ. ಲೋಕೇಶ ಕೆಲಸಕ್ಕೆ ಸೇರುವ ಮೊದಲೇ ಲೆಕ್ಕಕ್ಕೆ ಸೇರಿದ್ದ. ಅವನನ್ನು ಸೇರಿಸಿದ್ದರಿಂದ ಒಬ್ಬರು ಹೆಚ್ಚಾಗಿ, ಹೆಚ್ಚಾದವನು ನಾನಾಗಿದ್ದೆ.

"ಸ್ವಾಮಿ, ಕಂಪ್ಯೂಟರ್ ನನಗೂ ಗೊತ್ತಿದೆ" ಎಂದೆ. ಅದೊಂದು ಮಾತು ನಾನು ಆಡಬಾರದಿತ್ತು.

"ಎಲ್ಲಿ, ತೋರ್ಸಿ ನೋಡಾಣ" ಎಂದು ಎದ್ದವರು ಸಮಿತಿಯ ಹಿರಿಯ ಸದಸ್ಯ ಶಿವಪ್ಪನವರು. ಈ ಶಿವಪ್ಪನವರ ನಾಲಿಗೆಗೆ ಹೆದರಿ ಅವರ ಬೇಲಿಯ ಪಕ್ಕದ ತೋಟದವರು ತಮ್ಮ ತೋಟವನ್ನೇ ಮಾರಿದರೆಂದು ಪ್ರತೀತಿ. ಉಳಿದವರೂ ಕಾಫಿ ಲೋಟ ಹಿಡಿದು ಬಂದು ಮೇಜಿನ ಸುತ್ತ ನಿಂತರು. ನನಗೆ ಬರುತ್ತಿದ್ದುದು ಒಂದೇ ವಿದ್ಯೆ. ಅಕ್ಷರಗಳನ್ನು ಒತ್ತಿದೆ. ಹೆಸರುಗಳು ಹೊಳೆಯಂತೆ ಹರಿದವು. ಪರದೆ ತುಂಬಿ, ಮೇಲೆ ಉಕ್ಕಿ, ಮತ್ತೆ ತುಂಬಿ, ಇನ್ನೂ ಬರುತ್ತಲೇ ಇದ್ದವು. ಯಾರೋ ನನ್ನ ಹಿಂದೆ "ಅಬ್ಬ" ಎಂದರು. ಇಷ್ಟು ವರ್ಷದಲ್ಲಿ ನನ್ನ ಕೆಲಸ ನೋಡಿ ಒಬ್ಬರು ಅಬ್ಬ ಎಂದಿದ್ದು ಅದೇ ಮೊದಲು. ನಾನು ಕನ್ನಡಕ ತೆಗೆದು ಒರೆಸಿದೆ. ಒರೆಸುವ ಅಗತ್ಯವೇನೂ ಇರಲಿಲ್ಲ.

"ಇದೇನ್ರೀ ರೈಟ್ರೇ, ಇಷ್ಟೊಂದ್ ಹೆಸ್ರು?" ಎಂದರು ಶಿವಪ್ಪನವರು.

"ಇದರೊಳಗೆ ಹಾಕಿರುವ ಪ್ಯಾಕೇಜುಗಳು. ಒಂದೊಂದಕ್ಕೂ ಒಂದೊಂದು ಕೆಲಸ."

"ನಾವ್ ಕೊಡಾದು ಗೊಬ್ರದ ರಸೀದಿ ಕಣ್ರೀ. ಒಂದ್ ರಸೀದಿ ಹರಿಯಾಕೆ ಇಷ್ಟ್ ಜನ್ವಾ?"

ಎಲ್ಲರೂ ಪರದೆ ಬಿಟ್ಟು ನನ್ನ ಮುಖ ನೋಡಿದರು. ಆ ನೋಟದ ಅರ್ಥ ಕಾಫಿ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ನಮ್ಮ ಕಡೆ ಬೋಗಸ್ ಹಾಜರಿ ಎಂಬುದೊಂದುಂಟು. ಇಲ್ಲದ ಆಳಿನ ಹೆಸರನ್ನು ಹಾಜರಿಯಲ್ಲಿ ಸೇರಿಸಿ, ಅವನ ಕೂಲಿಯನ್ನು ರೈಟರ್ ಜೇಬಿಗಿಳಿಸುವುದು. ನನಗಿಂತ ಮೊದಲು ಆ ಎಸ್ಟೇಟಿನಲ್ಲಿದ್ದ ರೈಟರ ಕಾಲದಲ್ಲಿ ತಿಮ್ಮನೆಂಬವನು ಸತ್ತು, ತಿಥಿ ಆದ ಮೇಲೂ ಕಾಫಿ ಗಿಡದ ಚಿಗುರು ತೆಗೆಯುತ್ತಲೇ ಇದ್ದ. ಬದುಕಿದ್ದಾಗ ಅಷ್ಟು ಕ್ರಮವಾಗಿ ಅವನು ಯಾವತ್ತೂ ಕೆಲಸಕ್ಕೆ ಬಂದವನಲ್ಲವಂತೆ. ಆದ್ದರಿಂದ ಉದ್ದನೆಯ ಹೆಸರುಗಳ ಪಟ್ಟಿ, ಅದರ ಪಕ್ಕದಲ್ಲಿ ಒಬ್ಬ ರೈಟರ್, ಇವೆರಡು ಒಟ್ಟಿಗೆ ಕಂಡರೆ ತೋಟದ ಯಜಮಾನನ ತಲೆಗೆ ಹೊಳೆಯುವುದು ಒಂದೇ. ನನ್ನ ಇಡೀ ನೌಕರಿಯಲ್ಲಿ ಒಂದು ಸುಳ್ಳು ಹೆಸರು ನನ್ನ ಪೆನ್ಸಿಲ್ಲಿನಿಂದ ಬಿದ್ದಿರಲಿಲ್ಲ. ಈಗ ನಾನು ಹುಟ್ಟಿಸದ, ಕರೆಸದ, ಮುಖವೇ ಇಲ್ಲದ ನೂರಾರು ಹೆಸರುಗಳಿಗೆ ಜವಾಬು ಹೇಳಬೇಕಾಗಿತ್ತು.

"ಇವಕ್ಕೆ ಸಂಬಳ ಇಲ್ಲ, ಎಲ್ಲಾ ಬಿಟ್ಟಿ" ಎಂದೆ.

"ಬಿಟ್ಟಿ ದುಡಿಯೋರು ಇಷ್ಟ್ ಜನ ಸಿಕ್ಕಿದ್ರೆ ನಮ್ ತೋಟಕ್ಕೆ ಕಳ್ಸಿ ಮಾರಾಯ್ರೇ, ಚಿಗುರು ಹಂಗೇ ಐತೆ" ಎಂದರು ಶಿವಪ್ಪನವರು. ನಗು ಎದ್ದಿತು. ನಗುವಿನಲ್ಲಿ ಅನುಮಾನ ಕರಗುವುದಿಲ್ಲ, ಮೆತ್ತಗಾಗಿ ಇನ್ನಷ್ಟು ಅಂಟುತ್ತದೆ.

ನಂಜೇಗೌಡರು ನಗಲಿಲ್ಲ. "ಯಾರ್ ದುಡೀತಾರೆ, ಯಾರ್ ಮಲಗವ್ರೆ, ಈಗ್ಲೇ ನೋಡ್ಬುಡಾಣ. ಏಳಿ ರೈಟ್ರೇ. ಲೋಕೇಶ, ಕೂತ್ಕಂಡು ಒಂದೊಂದೇ ಹೆಸ್ರು ಕೂಗು ಕಣ್ಲಾ."

ನಾನು ಎದ್ದೆ. ಲೋಕೇಶ ಕೂತ. ಹೀಗೆ ನನ್ನ ಕುರ್ಚಿಯಲ್ಲಿ ಅವನು ಮೊದಲ ಸಲ ಕೂತದ್ದು ಯಾವ ಠರಾವೂ ಇಲ್ಲದೆ ನಡೆದುಹೋಯಿತು. ಅವನು ಪಟ್ಟಿಯಲ್ಲಿದ್ದ ಹೆಸರುಗಳನ್ನು ಒಂದೊಂದಾಗಿ ಟೈಪು ಮಾಡಿ ಒತ್ತತೊಡಗಿದ. ಬಿಸಿ ಎಂಬ ಲೆಕ್ಕದ ಪ್ಯಾಕೇಜು ಕರೆದ ಕೂಡಲೇ ಎದ್ದು ನಿಂತು ತನ್ನ ವಂಶಾವಳಿ ಒಪ್ಪಿಸಿತು. ಹಾಜರ್. ಲೆಸ್ ಎಂಬುದು, ಯಾವ ಕಡತ ಬೇಕು ಸರಿಯಾಗಿ ಹೇಳು ಎಂದು ಗದರಿತು. ಅದಕ್ಕೂ ಹಾಜರಿ ಕೊಟ್ಟರು. ಎದುರುತ್ತರ ಕೊಡುವ ಆಳೂ ಆಳೇ ತಾನೆ. ಆಮೇಲೆ ಗ್ಲಿಬ್‌ಸಿ ಎಂಬ ಹೆಸರು ಬಂತು. ಲೋಕೇಶ ಒತ್ತಿದ. ಅಂಥವರು ಯಾರೂ ಸಿಗಲಿಲ್ಲ ಎಂದಿತು ಯಂತ್ರ.

"ಇನ್ನೊಂದ್ ಸಲ ಕೂಗು" ಎಂದರು ಅಧ್ಯಕ್ಷರು. ಮತ್ತೆ ಸಿಗಲಿಲ್ಲ.

"ಚಕ್ಕರ್" ಎಂದರು ಶಿವಪ್ಪನವರು.

ನಾನು ಗಾಬರಿಯಾದೆ. ಆ ಪ್ಯಾಕೇಜಿನ ಜಾತಕವನ್ನು ನಾನು ಓದಿದ್ದೆ. ಕೆಲವು ಪ್ಯಾಕೇಜುಗಳು ಹೆಸರು ಕೂಗಿದರೆ ಮುಂದೆ ಬಂದು ನಿಲ್ಲುವುದಿಲ್ಲ. ಒಳಗಿದ್ದುಕೊಂಡು ಉಳಿದೆಲ್ಲರ ಕೆಲಸಕ್ಕೆ ಹೆಗಲು ಕೊಡುತ್ತವೆ. ಇದು ಅವುಗಳಲ್ಲಿ ಹಿರಿಯದು. ಲೋಕೇಶನ ಹೆಗಲ ಮೇಲಿಂದ ಬಗ್ಗಿ, ವಿವರ ಬರುವ ಅಕ್ಷರಗಳನ್ನು ನಾನೇ ಒತ್ತಿ, ಪರದೆಯ ಮೇಲಿದ್ದುದನ್ನು ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲೂ ಹೇಳಿದೆ: ಎಲ್ಲರೂ ಹಂಚಿಕೊಳ್ಳುವ ಸಾಮಾನು ಇದರಲ್ಲಿದೆ, ಇದಿಲ್ಲದಿದ್ದರೆ ಯಂತ್ರ ನಡೆಯುವುದೇ ಇಲ್ಲ.

"ಹಂಗಂತ ಯಾರ್ ಬರ್ದಿರಾದು?" ಎಂದರು ಶಿವಪ್ಪನವರು.

"ಅದರ ವಿವರದಲ್ಲೇ ಇದೆ."

"ನಮ್ ಮನೆ ಆಳೂ ಹಂಗೇ ಹೇಳ್ತಾನೆ, ನಾನಿಲ್ದಿದ್ರೆ ತೋಟ ನಡೆಯಾಕಿಲ್ಲ ಅಂತ. ಎಷ್ಟ್ ಜಾಗ ತಿಂತೈತಂತೆ ಅದು?"

ಜಾಗ ಸ್ವಲ್ಪ ಹೆಚ್ಚೇ ತಿನ್ನುತ್ತಿತ್ತು. ಅದೂ ಪರದೆಯ ಮೇಲಿತ್ತು. ಪ್ರಾಮಾಣಿಕರ ಕಷ್ಟವೇ ಇದು. ಕೊನೆಯ ಉಪಾಯವೆಂದು, ಇದನ್ನು ಯಾರ್‍ಯಾರು ನೆಚ್ಚಿಕೊಂಡಿದ್ದಾರೆ ಎಂದು ಕೇಳುವ ಅಕ್ಷರಗಳನ್ನೂ ಒತ್ತಿದೆ. ಮತ್ತೆ ಹೆಸರುಗಳ ಹೊಳೆ ಹರಿಯಿತು. "ನೋಡಿ ಸ್ವಾಮಿ, ಇಷ್ಟೂ ಜನಕ್ಕೆ ಇದು ಬೇಕು" ಎಂದೆ.

"ಎಲ್ಲಾ ಅವನ ನೆಂಟ್ರು" ಎಂದರು ಶಿವಪ್ಪನವರು.

ನೆಂಟರನ್ನು ತುಂಬಿಸಿಕೊಂಡಿದ್ದಾನೆ ಎಂದು ಕೇಳಿ ಅಧ್ಯಕ್ಷರಿಗೆ ನಿಜವಾಗಿಯೂ ಸಿಟ್ಟು ಬಂತು. ಬಾಮೈದನ ಭುಜದ ಮೇಲೆ ಕೈಯಿಟ್ಟುಕೊಂಡೇ, "ಮೊದ್ಲು ಅವನ್ನ ತೆಗೀ ಅತ್ಲಾಗೆ" ಎಂದರು. ದೊಡ್ಡ ಪಾಸ್‌ವರ್ಡನ್ನು ಎಲ್ಲರಿಗೂ ಕೇಳಿಸುವಂತೆ ಪಿಸುಗುಟ್ಟಿದರು. ಅದು ಅವರ ಜೀಪಿನ ನಂಬರು. ಲೋಕೇಶ ತೆಗೆಯುವ ಅಕ್ಷರ ಒತ್ತಿದ. ಯಂತ್ರ ಒಪ್ಪಲಿಲ್ಲ. ಇವರಿಗೆ ಬೇಕು, ಇವರಿಗೆ ಬೇಕು, ಇವರಿಗೂ ಬೇಕು ಎಂದು ಗೋಗರೆಯಿತು. ಒಂದು ಯಂತ್ರಕ್ಕೆ ಇಷ್ಟು ಮರ್ಯಾದೆ ಇರುವುದನ್ನು ನೋಡಿ ನಾನು ಮನಸ್ಸಿನಲ್ಲೇ ಅದಕ್ಕೊಂದು ಹಾಜರಿ ಹಾಕಿದೆ. ಆದರೆ ಯಾರಿಗೆ ಬೇಕೆಂದು ವಿಚಾರಿಸದೆ ತೆಗೆದುಹಾಕು ಎನ್ನುವುದಕ್ಕೂ ಒಂದು ಪದವಿದೆ. ಅಷ್ಟು ತಿಂಗಳ ಕೋರ್ಸಿನಲ್ಲಿ ಲೋಕೇಶ ಗಟ್ಟಿಯಾಗಿ ಕಲಿತದ್ದು ಅದೊಂದೇ ಪದವಿರಬೇಕು. ಅದನ್ನು ಸೇರಿಸಿ ಒತ್ತಿದ.

ದೊಡ್ಡದೇನೂ ಆಗಲಿಲ್ಲ. ಹೊಗೆ ಬರಲಿಲ್ಲ, ಸದ್ದಾಗಲಿಲ್ಲ. ಮಿಣುಕುವ ಗೆರೆ ಮಿಣುಕುತ್ತಲೇ ಇತ್ತು. ಲೋಕೇಶ ಬಿಸಿಯನ್ನು ಕರೆದ. ಇಲ್ಲ. ಲೆಸ್ಸನ್ನು ಕರೆದ. ಇಲ್ಲ. ರಸೀದಿಯನ್ನು ಕರೆದ, ಅದೂ ಇಲ್ಲ. ಸ್ವಲ್ಪ ಹೊತ್ತಿನ ಹಿಂದೆ ಬಂದೀನಿ ಎಂದವರೆಲ್ಲ ಈಗ ಕರೆದರೂ ಓಗೊಡಲಿಲ್ಲ.

"ಒಬ್ಬನ್ನ ತೆಗ್ದಿದ್ಕೆ ಎಲ್ರೂ ಸ್ಟ್ರೈಕ್ ಮಾಡ್ಬುಟ್ರು ನೋಡಿ" ಎಂದರು ಶಿವಪ್ಪನವರು, ಮೆಚ್ಚುಗೆಯಿಂದಲೇ.

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಏನ್ ರೈಟ್ರೇ, ಹಿಂಗಾಯ್ತದೆ ಅಂತ ಮೊದ್ಲೇ ಒಂದ್ ಮಾತ್ ಹೇಳಬಾರ್ದಾ?"

"ಓದಿ ಹೇಳಿದೆನಲ್ಲ ಸ್ವಾಮಿ."

"ಇಂಗ್ಲೀಷ್ನಾಗೆ ಓದಿದ್ರೆ ಯಾರಿಗ್ರೀ ಗೊತ್ತಾಯ್ತದೆ?"

"ಕನ್ನಡದಲ್ಲೂ ಹೇಳಿದೆ."

"ಹೇಳಿದ್ರಿ, ಮೆಲ್ಲಗೆ ಹೇಳಿದ್ರಿ. ಹೇಳಾದು ಅಂದ್ರೆ ಹಂಗಾ?"

ಹೀಗೆ, ಯಂತ್ರ ಕೆಟ್ಟದ್ದು ನನ್ನ ದನಿ ಸಣ್ಣದಾದ್ದರಿಂದ ಎಂದು ತೀರ್ಮಾನವಾಯಿತು. ಎಸ್ಟೇಟಿನ ಸ್ಟೋರಿನ ಮುಂದೆ ನನ್ನ ಕೂಗು ಹಳ್ಳದಾಚೆಯ ಆಳುಗಳ ಲೈನ್ ಮನೆಗಳಿಗೆ ಮುಟ್ಟುತ್ತಿತ್ತು ಎಂಬುದನ್ನು ಹೇಳಲು ಹೋಗಲಿಲ್ಲ. ಹಾಸನದ ಮೇಷ್ಟ್ರಿಗೆ ಫೋನು ಮಾಡೋಣವೆಂದೆ. ಬಿಟ್ಟಿ ಬಂದದ್ದು ಇಷ್ಟು ದಿನ ಬಂದದ್ದೇ ಹೆಚ್ಚು ಎಂದರು ಅಧ್ಯಕ್ಷರು. ಖರ್ಚು ಕಡಿತದ ಸಭೆಯಲ್ಲಿ ಹೊಸ ಕಂಪ್ಯೂಟರ್ ಕೊಳ್ಳುವ ಠರಾವು ಸರ್ವಾನುಮತದಿಂದ ಪಾಸಾಯಿತು. ಅದರ ಕೆಳಗೇ, ರೈಟರನ್ನು ತಿಂಗಳ ಕೊನೆಗೆ ಬಿಡುಗಡೆ ಮಾಡತಕ್ಕದ್ದು ಎಂದೂ ಬರೆದರು. ಬರೆದವನು ನಾನೇ. ಸಭೆಯ ನಡಾವಳಿ ಬರೆಯುವ ಕೆಲಸ ಆವತ್ತಿಗೆ ಇನ್ನೂ ನನ್ನದೇ ಆಗಿತ್ತು.

ಹೊಸ ಯಂತ್ರ ಬಂತು. ಅದರ ಪರದೆಯ ತುಂಬ ಹಸಿರು ಗುಡ್ಡ, ನೀಲಿ ಆಕಾಶ. ಕಿಟಕಿ ತೆರೆದರೆ ಅದಕ್ಕಿಂತ ಚೆನ್ನಾದ ಗುಡ್ಡ ಕಾಣುವ ಕಚೇರಿಯಲ್ಲಿ ಕಿಟಕಿ ಮುಚ್ಚಿ ಎಲ್ಲರೂ ಅದನ್ನು ನೋಡಿದರು. ಲೋಕೇಶ ನನ್ನ ಕುರ್ಚಿಗೆ ಒಂದು ಟವೆಲ್ ಹಾಸಿಕೊಂಡ. ತಿಂಗಳ ಕೊನೆಯ ದಿನ ಅಧ್ಯಕ್ಷರು ನನಗೆ ಒಂದು ಹಾರ ತರಿಸಿಟ್ಟಿದ್ದರು.

"ಹಾರ ಆಮೇಲೆ. ಮೊದಲು ಚಾರ್ಜು ವಹಿಸಿಕೊಡಬೇಕು" ಎಂದೆ.

"ವಹಿಸ್ಕೊಡಿ, ಯಾರ್ ಬ್ಯಾಡ ಅಂದೋರು?"

ತಕ್ಕಡಿ, ಬೀರು, ಬೀಗ, ಗೊಬ್ಬರದ ಚೀಲ, ಎಲ್ಲವನ್ನೂ ತೋರಿಸಿ ಲೋಕೇಶನಿಂದ ಸಹಿ ಪಡೆದೆ. ಆಮೇಲೆ ಹಳೆಯ ಕಂಪ್ಯೂಟರಿನ ಮೇಲೆ ಕೈಯಿಟ್ಟು, "ಇದರೊಳಗೆ ಇರುವುದನ್ನೂ ನೋಡಿ ವಹಿಸಿಕೊಳ್ಳಬೇಕು. ನನ್ನ ಸುಪರ್ದಿನಲ್ಲಿದ್ದದ್ದು" ಎಂದೆ.

"ಅದು ಸತ್ತೋಗೈತೆ. ಒಳಗೇನೈತೆ ಅಂತ ಯಾವನಿಗ್ರೀ ಗೊತ್ತು?" ಎಂದರು ಅಧ್ಯಕ್ಷರು.

"ಗೊತ್ತಿಲ್ಲ ಎಂದೇ ಬರೆದು ಲೋಕೇಶ ಸಹಿ ಹಾಕಲಿ. ಇದ್ದದ್ದು ಯಾಕಿಲ್ಲ ಎಂದು ನಾಳೆ ಆಡಿಟ್‌ನವರು ಕೇಳಿದರೆ ಅವನು ಉತ್ತರ ಹೇಳುತ್ತಾನೆ."

ಲೋಕೇಶನ ಮುಖ ಸಣ್ಣದಾಯಿತು. "ಭಾವ, ನಾನ್ ಹಾಕಾಕಿಲ್ಲ" ಎಂದ. ಅಧ್ಯಕ್ಷರು ತಾವೂ ಹಾಕಲಿಲ್ಲ. ಪಾಸ್‌ವರ್ಡು ಅವರ ಜೀಪಿನ ನಂಬರು ಎಂಬುದಕ್ಕೆ ಇಡೀ ಸಮಿತಿ ಸಾಕ್ಷಿಯಿತ್ತು. ಚಾರ್ಜು ಪೂರ್ತಿಯಾಗದೆ ಬಿಡುಗಡೆಯಿಲ್ಲ. ಈ ನಿಯಮವನ್ನು ನಾನು ಮಾಡಿದ್ದಲ್ಲ, ಸಂಘದ್ದೇ. ಹಾರ ಬೀರುವಿನ ಮೇಲೆ ಒಣಗಿತು.

"ಹಿಂಗೆ ಜಗ್ಗಾಡಿ ಏನ್ ಸಿಕ್ತು ನಿಮ್ಗೆ?" ಎಂದು ಜಯಮ್ಮ ಕೇಳಿದಳು. "ನ್ಯಾಯ" ಎಂದೆ. "ಅದನ್ನ ಡಬ್ಬೀಲಿ ಕಟ್ಕೊಡ್ಲಾ, ಚಿತ್ರಾನ್ನ ಕಟ್ಕೊಡ್ಲಾ?" ಎಂದಳು. ಚಿತ್ರಾನ್ನ ಕಟ್ಟಿಸಿಕೊಂಡು ಮಾರನೆಯ ದಿನವೂ ಅದೇ ಬಸ್ಸಿಗೆ ಹೋದೆ. ಈಗಲೂ ಹೋಗುತ್ತಿದ್ದೇನೆ. ಕುರ್ಚಿ ಇಲ್ಲ. ಗೊಬ್ಬರದ ಚೀಲಗಳ ಪಕ್ಕದಲ್ಲಿ ಒಂದು ಬೆಂಚಿದೆ. ಬೆಳಿಗ್ಗೆ ಸಹಿ ಹಾಕಿ ಅಲ್ಲಿ ಕೂರುತ್ತೇನೆ. ಯಾರಾದರೂ ರಸೀದಿ ಕೇಳಿದರೆ ಲೋಕೇಶನನ್ನು ತೋರಿಸುತ್ತೇನೆ. ಅವನು ಹಸಿರು ಗುಡ್ಡವನ್ನು ಪಕ್ಕಕ್ಕೆ ಸರಿಸಿ ರಸೀದಿ ಹುಡುಕುತ್ತಾನೆ. ಸಿಗದಿದ್ದರೆ ಕೈಯಲ್ಲೇ ಬರೆದುಕೊಡುತ್ತಾನೆ. ಅಕ್ಷರ ಚೆನ್ನಾಗಿಲ್ಲ.

ಮೊದಲ ತಿಂಗಳು ಕಳೆದಾಗ ಅಧ್ಯಕ್ಷರು ನನ್ನ ಮುಖ ನೋಡದೆ ಸಂಬಳದ ಪುಸ್ತಕವನ್ನು ಬೆಂಚಿನ ಕಡೆಗೆ ತಳ್ಳಿದರು. ಬಿಡುಗಡೆಯಾಗದವನಿಗೆ ಸಂಬಳ ನಿಲ್ಲಿಸಲು ಅವರಿಗೆ ಧೈರ್ಯವಿರಲಿಲ್ಲ. ನನ್ನ ಹೆಸರಿತ್ತು. ಪೂರ್ತಿ ಹಾಜರಿಯಿತ್ತು. ಏನು ಕೆಲಸ ಎನ್ನುವ ಕಡೆ ಏನೂ ಬರೆದಿರಲಿಲ್ಲ. ಆ ಪುಸ್ತಕದ ಹಾಜರಿ ಕೂಗುವ ರೈಟರ್ ನಾನಾಗಿದ್ದಿದ್ದರೆ ಇಂಥ ಹೆಸರನ್ನು ಎರಡು ಸಲ ಕೂಗುತ್ತಿರಲಿಲ್ಲ, ಒಂದೇ ಗೆರೆ ಎಳೆದು ಹೊಡೆದುಹಾಕುತ್ತಿದ್ದೆ. ಬೇಡವೆಂದು ಪುಸ್ತಕವನ್ನು ವಾಪಸು ತಳ್ಳಬೇಕೆಂದು ಒಂದು ಗಳಿಗೆ ಅನ್ನಿಸಿತು. ಆಮೇಲೆ ಪೆನ್ನಿನ ಮುಚ್ಚಳ ತೆಗೆದೆ. ಸಹಿ ಯಾವತ್ತಿನಂತೆಯೇ ನೆಟ್ಟಗೆ, ದುಂಡಗೆ ಬಂತು.